ರೌಟರ್ ಹಿಂದಿನ ವೈರುಗಳಿಗೆ ನಂಬರ್ ಹಚ್ಚುವುದು ಹೇಗೆ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ನೆಟ್ ಬಂದ್ ಆಗಿದೆ, ರೌಟರ್ ಹಿಂದೆ ಹತ್ತಾರು ವೈರ್ ಇವೆ, ಯಾವುದನ್ನು ತೆಗೆದು ಹಾಕಬೇಕು?’ ಯಾವ ವೈರ್ ಎಲ್ಲಿಗೆ ಹೋಗಿದೆ ಎಂದು ತಿಳಿಯುವವರೆಗೆ ಯಾವುದನ್ನೂ ಕೀಳಬೇಡಿ. ತಿಳಿದುಕೊಳ್ಳುವ ಕೆಲಸ ಒಂದು ರಜೆಯ ದಿನದ್ದು. ಅದನ್ನು ಹೇಗೆ ಮಾಡುವುದೆಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇವೆ.

ವೈ-ಫೈ ಇರುವಾಗ ಇಷ್ಟು ವೈರ್ ಯಾಕೆ ಎಂದು ಕೇಳುವವರೂ ಇದ್ದಾರೆ. ಕಲಬುರಗಿಯ ಹಳೆ ಓಣಿಗಳ ಕಲ್ಲಿನ ಮನೆಗಳಲ್ಲಿ ಗೋಡೆಯೇ ಒಂದೂವರೆ, ಎರಡು ಅಡಿ ದಪ್ಪ. ಹಾಲ್‌ನ ರೌಟರಿನ ಸಿಗ್ನಲ್ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿರುತ್ತದೆ. ಹೊಸ ಬಡಾವಣೆಗಳಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ತಾರಸಿಯಲ್ಲಿ ನಾಲ್ಕು ಕ್ಯಾಮೆರಾ. ಹಾಗಾಗಿ ಕೇಬಲ್ ಎಳೆಯಲೇಬೇಕಾಗುತ್ತದೆ, ಎಳೆದದ್ದು ನೋಡನೋಡುತ್ತ ಹದಿನೈದಾಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನಂಬರ್ ಮೊದಲು, ಅಂದ ಆಮೇಲೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ವೈರುಗಳನ್ನೆಲ್ಲ ಒಟ್ಟು ಸೇರಿಸಿ ಟೈ ಬಿಗಿದು, ಚೆಂದ ಕಂಡಿತೆಂದು ಬಿಡುತ್ತಾರೆ. ಆರು ತಿಂಗಳ ಮೇಲೆ ಒಂದು ಕೇಬಲ್ ಕೆಟ್ಟರೆ ಆ ಕಟ್ಟನ್ನೆಲ್ಲ ಕತ್ತರಿಸಿ ಮೊದಲಿನಿಂದ ಹುಡುಕಬೇಕು.

ಏನೇನು ಬೇಕು

ಹನ್ನೆರಡು ಲ್ಯಾನ್ ಕೇಬಲ್ (ರೌಟರಿನಿಂದ ಸಾಧನಗಳಿಗೆ ನೆಟ್ ಒಯ್ಯುವ ವೈರ್), ಆರು ಅಡಾಪ್ಟರ್ ಇರುವ ಮನೆಯ ಲೆಕ್ಕ ಹೀಗಿದೆ. ಪ್ರತಿ ಕೇಬಲ್‌ಗೆ ಎರಡೂ ತುದಿಯಲ್ಲಿ ಲೇಬಲ್, ಅಂದರೆ 24. ಅಡಾಪ್ಟರ್‌ಗೂ ಎರಡೆರಡು: ಗೋಡೆಗೆ ಚುಚ್ಚುವ ಡಬ್ಬಿಯ ಮೇಲೆ ಒಂದು, ಸಾಧನಕ್ಕೆ ಹೋಗುವ ಪಿನ್ ಹತ್ತಿರ ಒಂದು, ಅಲ್ಲಿಗೆ 12. ಬರೆದು ಕೆಡುವುದು ಸೇರಿಸಿ 45 ಲೇಬಲ್ ಇಟ್ಟುಕೊಳ್ಳಿ.

ಸಿಡಿ ಮೇಲೆ ಬರೆಯುವ ತೆಳು ತುದಿಯ ಪರ್ಮನೆಂಟ್ ಮಾರ್ಕರ್ ಒಂದು. ಜೆಲ್ ಪೆನ್ ಬೇಡ, ಬೆವರಿದ ಕೈ ತಾಗಿದರೆ ಶಾಯಿ ಹರಡುತ್ತದೆ. ಅಗಲದ ಪಾರದರ್ಶಕ ಟೇಪ್. ವೆಲ್ಕ್ರೋ ಪಟ್ಟಿಯ 5 ಮೀಟರ್ ಸುರುಳಿ, 20 ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ 25 ತುಂಡು ಬರುತ್ತವೆ. ಗೋಡೆಗುಂಟ ಹೋಗುವ ಕೇಬಲ್‌ಗೆ ಕೇಸಿಂಗ್ ಪಟ್ಟಿ, ಅಂದರೆ ಎಲೆಕ್ಟ್ರಿಷಿಯನ್ ಹಾಕುವ ಮುಚ್ಚಳವಿರುವ ಪ್ಲಾಸ್ಟಿಕ್ ಕೊಳವೆ ಪಟ್ಟಿ. ಜೊತೆಗೆ ಒಂದು ಲ್ಯಾನ್ ಟೆಸ್ಟರ್. ಇದು ಎರಡು ತುಂಡಿನ ಸಣ್ಣ ಸಾಧನ. 9 ವೋಲ್ಟ್ ಬ್ಯಾಟರಿಯ ದೊಡ್ಡ ತುಂಡನ್ನು ಕೇಬಲಿನ ಒಂದು ತುದಿಗೆ, ಚಿಕ್ಕ ತುಂಡನ್ನು ಇನ್ನೊಂದು ತುದಿಗೆ ಹಚ್ಚಿದರೆ ಒಳಗಿನ ಎಂಟು ಎಳೆಗಳಿಗೆ ಎಂಟು ದೀಪ ಒಂದಾದ ಮೇಲೊಂದು ಹತ್ತುತ್ತವೆ. ಕ್ಯಾಮೆರಾ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಮೂರು ಮನೆಯವರು ಸೇರಿ ಒಂದು ತಂದುಕೊಂಡರೂ ಸಾಕು.

1. ಕೀಳುವ ಮೊದಲು ಫೋಟೋ

ರೌಟರ್, ಸ್ವಿಚ್ (ಒಂದು ಲ್ಯಾನ್ ಕೇಬಲಿನ ನೆಟ್ಟನ್ನು ಹಲವು ಕೇಬಲ್‌ಗಳಿಗೆ ಹಂಚುವ ಪೆಟ್ಟಿಗೆ), ಕ್ಯಾಮೆರಾ ರೆಕಾರ್ಡರ್ ಇವುಗಳ ಹಿಂಬದಿಯ ಫೋಟೋ ತೆಗೆಯಿರಿ. ಪ್ರತಿ ಪೋರ್ಟಿನ, ಅಂದರೆ ಕೇಬಲ್ ಚುಚ್ಚುವ ತೂತಿನ, ಪಕ್ಕದ ಅಕ್ಷರ ಓದುವಂತಿರಬೇಕು. ರೌಟರಿನಲ್ಲಿ ವ್ಯಾನ್ ಎಂದು ಬರೆದದ್ದು ಹೊರಗಿನಿಂದ ನೆಟ್ ಬರುವ ತೂತು. ಹೆಚ್ಚಾಗಿ ಅದರ ಬಣ್ಣವೂ ಬೇರೆ ಇರುತ್ತದೆ. ಲ್ಯಾನ್ ಎಂದಿರುವುದು ಮನೆಯೊಳಗೆ ಹಂಚುವ ತೂತು. ಇವೆರಡು ಅದಲುಬದಲಾದರೆ ಒಂದೇ ಮನೆಯಲ್ಲಿ ಎರಡು ರೌಟರುಗಳು ವಿಳಾಸ ಹಂಚತೊಡಗುತ್ತವೆ. ಆಗ ಒಂದು ಫೋನಿಗೆ ನೆಟ್ ಬರುತ್ತದೆ, ಪಕ್ಕದ ಫೋನಿಗೆ ಬರುವುದಿಲ್ಲ, ಕಾರಣ ಮಾತ್ರ ತಿಳಿಯುವುದಿಲ್ಲ.

2. ಯಾವುದು ಎಲ್ಲಿಗೆ ಹೋಗಿದೆ, ಗುರುತಿಸಿ

ಹಗಲಲ್ಲಿ ಮಾಡಿ, ಮನೆಯವರಿಗೆ ಮೊದಲೇ ಹೇಳಿಡಿ. ಇಬ್ಬರಿದ್ದರೆ ಅರ್ಧ ಸಮಯ ಉಳಿಯುತ್ತದೆ: ಒಬ್ಬರು ರೌಟರ್ ಹತ್ತಿರ, ಇನ್ನೊಬ್ಬರು ಫೋನ್ ಹಿಡಿದು ಇನ್ನೊಂದು ತುದಿಯ ಹತ್ತಿರ.

ಎರಡೂ ಕಡೆ ಸಾಧನಗಳು ಚಾಲೂ ಇದ್ದರೆ ಟೆಸ್ಟರ್ ಬೇಕಿಲ್ಲ. ಒಂದು ಕೇಬಲನ್ನು ಸಾಧನದ ಕಡೆಯಿಂದ ತೆಗೆಯಿರಿ. ರೌಟರಿನ ಯಾವ ಪೋರ್ಟಿನ ದೀಪ ಆರಿತೋ ಅದೇ ಅದರ ತುದಿ. ಮತ್ತೆ ಹಾಕಿ, ದೀಪ ಬಂದ ಮೇಲೆ ಮುಂದಿನದು. ಒಮ್ಮೆಗೆ ಒಂದೇ ಕೇಬಲ್. ಎರಡನ್ನು ಒಟ್ಟಿಗೆ ತೆಗೆದರೆ ಗುರುತು ಕಲೆಸಿಹೋಗುತ್ತದೆ.

ಎರಡು ತುದಿಯೂ ಬರಿದಾಗಿ ನೇತಾಡುತ್ತಿರುವ ಕೇಬಲ್‌ಗೆ ಟೆಸ್ಟರ್ ಹಚ್ಚಿ. ಆದರೆ ಪಿಒಇ ಸ್ವಿಚ್ಚಿಗೆ ಚುಚ್ಚಿರುವ ಕೇಬಲಿನ ಇನ್ನೊಂದು ತುದಿಗೆ ಟೆಸ್ಟರ್ ಹಚ್ಚಲೇಬೇಡಿ. ಪಿಒಇ ಎಂದರೆ ಲ್ಯಾನ್ ಕೇಬಲ್‌ನಲ್ಲೇ ಕ್ಯಾಮೆರಾಕ್ಕೆ ವಿದ್ಯುತ್ತನ್ನೂ ಕಳಿಸುವ ವ್ಯವಸ್ಥೆ. ಅದರಲ್ಲಿ ಸುಮಾರು 48 ವೋಲ್ಟ್ ಹರಿಯುತ್ತದೆ, ಟೆಸ್ಟರ್ ಸುಟ್ಟುಹೋಗಬಹುದು. ಸ್ವಿಚ್ ಕಡೆಯ ತುದಿ ಬಿಚ್ಚಿ, ಆಮೇಲೆ ಪರೀಕ್ಷಿಸಿ.

ದೀಪ ಓದುವ ಬಗೆ: ಎರಡೂ ತುಂಡಿನಲ್ಲಿ 1ರಿಂದ 8ರವರೆಗೆ ಒಂದೇ ಕ್ರಮದಲ್ಲಿ ಹತ್ತಬೇಕು. ಒಂದು ಅಂಕೆ ಹತ್ತಲಿಲ್ಲವೆಂದರೆ ಆ ಎಳೆ ತುಂಡಾಗಿದೆ ಇಲ್ಲವೇ ಪ್ಲಗ್ಗಿನಲ್ಲಿ ಕೂತಿಲ್ಲ. 4, 5, 7, 8ರಲ್ಲಿ ಯಾವುದು ಹೋದರೂ ಹೆಚ್ಚಾಗಿ ನೆಟ್ ನಿಲ್ಲುವುದಿಲ್ಲ, ವೇಗ 100 ಎಂಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗಕ್ಕೆ 1, 2, 3, 6 ಈ ನಾಲ್ಕು ಎಳೆ ಸಾಕು. 300 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ 95ರ ಹತ್ತಿರವೇ ನಿಲ್ಲುವುದಕ್ಕೆ ಬಹಳ ಸಲ ಇದೇ ಕಾರಣ.

ಇದಕ್ಕಿಂತ ಕಷ್ಟದ ದೋಷ ಇನ್ನೊಂದಿದೆ. ಟೆಸ್ಟರಿನ ಎಂಟೂ ದೀಪ ಸರಿಯಾಗಿ ಹತ್ತುತ್ತವೆ, ಆದರೂ ನೆಟ್ ತಡವರಿಸುತ್ತದೆ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಎಳೆಗಳ ಬಣ್ಣ ನೋಡಿ. ಪ್ಲಗ್ಗಿನ ಕೊಂಡಿ ಕೆಳಗೆ, ತುದಿ ನಿಮ್ಮಿಂದ ಆಚೆಗೆ ಇರುವಂತೆ ಹಿಡಿದಾಗ ಎಡದಿಂದ ಬಲಕ್ಕೆ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಟಿ568ಬಿ ಎಂಬ ಕ್ರಮ. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂತಿರುವುದನ್ನು ಗಮನಿಸಿ. 3 ಮತ್ತು 6ನೆಯ ಎಳೆಗಳು ಒಂದೇ ಹುರಿಯಲ್ಲಿ ಸುತ್ತಿಕೊಂಡ ಜೋಡಿಯೇ ಆಗಬೇಕು. ಆ ಸುತ್ತು ಹೊರಗಿನ ವಿದ್ಯುತ್ ಅಡಚಣೆಯನ್ನು ತಡೆಯುತ್ತದೆ. ಆತುರದಲ್ಲಿ ಕೆಲಸ ಮಾಡುವವರು ಕಿತ್ತಳೆ ಎರಡು, ಹಸಿರು ಎರಡು, ನೀಲಿ ಎರಡು, ಕಂದು ಎರಡು ಎಂದು ಸಾಲಾಗಿ ಒತ್ತಿಬಿಡುತ್ತಾರೆ. ಎರಡೂ ತುದಿಯಲ್ಲಿ ಅದೇ ತಪ್ಪಿದ್ದರೆ ಟೆಸ್ಟರಿಗೆ ಅದು ಕಾಣುವುದಿಲ್ಲ. ಅಂಥ ಪ್ಲಗ್ ಕಂಡರೆ ಕತ್ತರಿಸಿ ಹೊಸದು ಹಾಕಿಸಿ, ಎಳೆಗಳ ಹುರಿಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದೆಂದು ಹೇಳಿ.

3. ನಂಬರ್ ಕೊಡುವ ಪದ್ಧತಿ

ಲೇಬಲ್ ಮೇಲೆ ‘ಟಿವಿ’, ‘ಅಪ್ಪನ ಕಂಪ್ಯೂಟರ್’ ಎಂದು ಬರೆಯಬೇಡಿ. ಟಿವಿ ಬೇರೆ ಕೋಣೆಗೆ ಹೋಗುತ್ತದೆ, ಕಂಪ್ಯೂಟರ್ ಬದಲಾಗುತ್ತದೆ, ಲೇಬಲ್ ಮಾತ್ರ ಹಳೆಯ ಸುಳ್ಳನ್ನೇ ಹೇಳುತ್ತ ಕೂರುತ್ತದೆ. ಕೇಬಲ್‌ಗೆ ನಂಬರ್ ಕೊಡಿ. ಆ ನಂಬರ್ ಏನೆಂಬುದನ್ನು ವಹಿಯಲ್ಲಿ ಬರೆಯಿರಿ. ಸಾಧನ ಬದಲಾದರೆ ವಹಿಯ ಒಂದು ಸಾಲು ತಿದ್ದಿದರೆ ಸಾಕು.

ನಂಬರಿನ ಮುಂದೆ ಒಂದು ಕನ್ನಡ ಅಕ್ಷರವಿರಲಿ. ಕ ಎಂದರೆ ಕೆಳಗಿನ ಮನೆ, ಮ ಎಂದರೆ ಮೇಲಿನ ಮಹಡಿ, ತ ಎಂದರೆ ತಾರಸಿ, ಪ ಎಂದರೆ ಪವರ್ ಅಡಾಪ್ಟರ್. ಈ ಅಕ್ಷರಕ್ಕೆ ಇನ್ನೊಂದು ಉಪಯೋಗವೂ ಇದೆ. ಕೇಬಲ್ ಯಾವ ಕಡೆಗಾದರೂ ತಿರುಗುತ್ತದೆ. ಬರೀ 6 ತಲೆಕೆಳಗಾದರೆ 9, 16 ತಲೆಕೆಳಗಾದರೆ 91. ಪಕ್ಕದಲ್ಲಿ ಅಕ್ಷರ ಇದ್ದರೆ ಯಾವುದು ಮೇಲು, ಯಾವುದು ಕೆಳಗು ಎಂದು ತಕ್ಷಣ ಗೊತ್ತಾಗುತ್ತದೆ.

ಅಂಕೆಗಳ ಸರಣಿ ಇಡೀ ಮನೆಗೆ ಒಂದೇ ಇರಲಿ. ಕ1, ಕ2, ಕ3 ಆದ ಮೇಲೆ ಮೇಲಿನ ಮಹಡಿ ಮ4ರಿಂದ ಶುರುವಾಗಲಿ. ಕನ್ನಡ ಓದಲು ಬಾರದ ತಂತ್ರಜ್ಞ ಬಂದರೂ ‘ನಾಲ್ಕು ನಂಬರ್ ನೋಡಿ’ ಎಂದರೆ ಗೊಂದಲವಾಗುವುದಿಲ್ಲ. ಕೇಬಲ್ ತೆಗೆದು ಬಿಸಾಡಿದರೆ ಅದರ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ.

ವಹಿಯ ಸಾಲುಗಳು ಹೀಗಿರಬಹುದು:

ಕ2 – ಹಾಲ್ ರೌಟರ್ ಲ್ಯಾನ್ 1 – ಟಿವಿ ಬಾಕ್ಸ್ – 3 ಮೀಟರ್
ಮ4 – ಹಾಲ್ ರೌಟರ್ ಲ್ಯಾನ್ 3 – ಮೇಲಿನ ರೌಟರ್ ವ್ಯಾನ್ – 18 ಮೀಟರ್, ಮೆಟ್ಟಿಲ ಗೋಡೆಗುಂಟ
ತ7 – ಪಿಒಇ ಸ್ವಿಚ್ 2 – ಗೇಟ್ ಕಡೆಯ ಕ್ಯಾಮೆರಾ – 22 ಮೀಟರ್, ಪೈಪ್ ಒಳಗೆ

ದಾರಿಯನ್ನು ಬರೆಯಲು ಮರೆಯಬೇಡಿ. ನಾಳೆ ಗೋಡೆಗೆ ಮೊಳೆ ಹೊಡೆಯುವಾಗ ಬೇಕಾಗುವುದು ಅದೇ.

4. ಲೇಬಲ್ ಹಚ್ಚುವುದು

ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ದಾಟುತ್ತದೆ. ಮುಚ್ಚಿದ ಟಿವಿ ಕಪಾಟಿನೊಳಗೆ, ರೌಟರಿನ ಬಿಸಿಯೂ ಸೇರಿ, ಇನ್ನೂ ಹೆಚ್ಚು. ಆ ಕಾವಿಗೆ ಅಂಟು ಮೆತ್ತಗಾಗಿ ಲೇಬಲ್ ಜಾರುತ್ತದೆ.

ಅಗ್ಗದ, ಗಟ್ಟಿ ಉಪಾಯ ಹೀಗೆ. ಕೇಬಲನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಎರೆ ಮಣ್ಣಿನ ನವಿರು ದೂಳು ಇದ್ದರೆ ಯಾವ ಅಂಟೂ ನಿಲ್ಲದು. 2 ಸೆಂ.ಮೀ. ಅಗಲದ ಬಿಳಿ ಕಾಗದದ ಲೇಬಲ್ಲಿನಲ್ಲಿ ಒಂದೇ ನಂಬರನ್ನು ಎರಡು ಸಲ, ಒಂದರ ಕೆಳಗೊಂದು ಬರೆಯಿರಿ. ಪ್ಲಗ್ಗಿನಿಂದ 5–8 ಸೆಂ.ಮೀ. ಬಿಟ್ಟು ಕೇಬಲಿನ ಸುತ್ತ ಸುತ್ತಿ. ಅದರ ಮೇಲೆ ಪಾರದರ್ಶಕ ಟೇಪನ್ನು ಲೇಬಲ್ಲಿಗಿಂತ ಎರಡೂ ಬದಿ ಅರ್ಧ ಸೆಂ.ಮೀ. ಹೆಚ್ಚು ಬರುವಂತೆ ಎರಡು ಸುತ್ತು ಹಾಕಿ. ಟೇಪ್ ತನ್ನ ಮೇಲೇ ತಾನು ಅಂಟಿಕೊಂಡಾಗ ಮಾತ್ರ ಬಿಸಿಗೆ ಬಿಚ್ಚುವುದಿಲ್ಲ. ಪ್ಲಗ್ಗಿಗೆ ತಾಗಿಸಿ ಹಚ್ಚಿದರೆ ಪ್ಲಗ್ ಕೆಟ್ಟು ಕತ್ತರಿಸುವ ದಿನ ಲೇಬಲ್ಲೂ ಹೋಗುತ್ತದೆ. ತೀರಾ ದೂರ ಹಚ್ಚಿದರೆ ಕಟ್ಟಿನೊಳಗೆ ಸೇರಿ ಕಾಣುವುದಿಲ್ಲ.

ಬಾವುಟದಂತೆ ಎರಡು ಬದಿ ಅಂಟಿಸಿ ಚಾಚಿ ನಿಲ್ಲಿಸುವ ಲೇಬಲ್ ಓದಲು ಸುಲಭ, ಆದರೆ ಎಂಟು ಕೇಬಲ್ ಒತ್ತಿಕೊಂಡಿರುವ ಸ್ವಿಚ್ಚಿನ ಹಿಂದೆ ಒಂದಕ್ಕೊಂದು ಸಿಕ್ಕಿ ಹರಿಯುತ್ತದೆ. ಅದನ್ನು ಅಡಾಪ್ಟರಿನ ತೆಳು ವೈರಿಗೆ ಇಟ್ಟುಕೊಳ್ಳಿ.

ಬರೀ ಇನ್ಸುಲೇಶನ್ ಟೇಪಿನ ಮೇಲೆ ಬರೆಯುವ ರೂಢಿ ಇದೆ. ಒಂದು ಬೇಸಿಗೆ ಕಳೆದರೆ ಅದರ ಅಂಟು ಹೊರಗೆ ಬಂದು ಕೇಬಲೆಲ್ಲ ಜಿಗುಟಾಗುತ್ತದೆ. ರಸೀದಿಯಂಥ ಥರ್ಮಲ್ ಕಾಗದದ ಲೇಬಲ್ಲೂ ಬೇಡ, ಶಾಖಕ್ಕೆ ಅಕ್ಷರ ಮಾಸುತ್ತದೆ. ಹೊಸ ಪ್ಲಗ್ ಹಾಕಿಸುತ್ತಿದ್ದರೆ ಎಲೆಕ್ಟ್ರಿಕ್ ಪ್ಯಾನೆಲ್ ಮಾಡುವವರು ಬಳಸುವ ಫೆರೂಲ್ ಕೇಳಿ. ಅವು ಅಂಕೆ ಅಚ್ಚಾದ ಹಳದಿ ಪ್ಲಾಸ್ಟಿಕ್ ಬಳೆಗಳು. ಕೇಬಲಿನ ದಪ್ಪಕ್ಕೆ, ಅಂದರೆ ಸುಮಾರು 6 ಮಿ.ಮೀ.ಗೆ, ಹೊಂದುವ ಅಳತೆಯದನ್ನೇ ತನ್ನಿ. ಪ್ಲಗ್ ಒತ್ತುವ ಮುಂಚೆ ತೂರಿಸಬೇಕು, ಆಮೇಲೆ ತೂರಿಸಲು ಬರುವುದಿಲ್ಲ.

5. ಬೇರ್ಪಡಿಸಿ, ಸಾಲಾಗಿ ಕಟ್ಟುವುದು

ಈಗ ಅಂದದ ಕೆಲಸ. ಮೊದಲು ವಿದ್ಯುತ್ ವೈರುಗಳನ್ನು ಒಂದು ಬದಿ, ಲ್ಯಾನ್ ಕೇಬಲ್‌ಗಳನ್ನು ಇನ್ನೊಂದು ಬದಿ ಮಾಡಿ. ಎರಡೂ ಅಕ್ಕಪಕ್ಕ ಉದ್ದಕ್ಕೆ ಹೋಗುವುದಿದ್ದರೆ 20 ಸೆಂ.ಮೀ. ಅಂತರವಿರಲಿ. ದಾಟಲೇಬೇಕಾದಲ್ಲಿ ಅಡ್ಡಡ್ಡ, ಕೂಡಿಸುವ ಚಿಹ್ನೆಯಂತೆ ದಾಟಿಸಿ. ಒಂದೇ ಕೇಸಿಂಗ್ ಪಟ್ಟಿಯಲ್ಲಿ 230 ವೋಲ್ಟಿನ ವೈರನ್ನೂ ಲ್ಯಾನ್ ಕೇಬಲನ್ನೂ ತುರುಕಬಾರದು. ವೇಗ ಕಡಿಮೆಯಾಗುವುದು ಸಣ್ಣ ಮಾತು. ಸವೆದ ವೈರ್ ತಾಗಿದರೆ ಜೀವಕ್ಕೇ ಅಪಾಯ.

ಲ್ಯಾನ್ ಕೇಬಲ್‌ಗಳನ್ನು 30 ಸೆಂ.ಮೀ.ಗೊಂದರಂತೆ ವೆಲ್ಕ್ರೋ ಹಾಕಿ ಕಟ್ಟಿ. ಕಟ್ಟಿದ ಮೇಲೂ ಒಂದು ಕೇಬಲನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸಲು ಬರಬೇಕು. ಪ್ಲಾಸ್ಟಿಕ್ ಟೈಯನ್ನು ಎಳೆದು ಬಿಗಿದರೆ ಒಳಗಿನ ಹುರಿ ಚಪ್ಪಟೆಯಾಗುತ್ತದೆ. ಹೊರಗೆ ಏನೂ ಕಾಣದು, ವೇಗ ಬೀಳುತ್ತದೆ. ತಿರುವಿನಲ್ಲಿ ಕೇಬಲ್ ಮಡಚಬೇಡಿ. ಬಾಗುವಿಕೆಯ ತ್ರಿಜ್ಯ ಕೇಬಲಿನ ದಪ್ಪದ ನಾಲ್ಕು ಪಟ್ಟು, ಅಂದರೆ ಸುಮಾರು 25 ಮಿ.ಮೀ. ಇರಲಿ. ಚಹಾದ ಸಣ್ಣ ಗ್ಲಾಸಿನ ಬಾಯಿಗೆ ಸುತ್ತಿದಷ್ಟು ಎಂದು ನೆನಪಿಟ್ಟುಕೊಳ್ಳಿ.

ಹೆಚ್ಚಾದ ಉದ್ದವನ್ನು ಕತ್ತರಿಸುವ ಆತುರ ಬೇಡ. ಪ್ರತಿ ತುದಿಯಲ್ಲಿ 30 ಸೆಂ.ಮೀ. ಮಿಗುಳು ಇದ್ದರೆ ಪ್ಲಗ್ ಕೆಟ್ಟಾಗ ಎರಡು ಮೂರು ಸಲ ಹೊಸದು ಹಾಕಬಹುದು. ಮಿಗುಳಿನ ಸುರುಳಿಯನ್ನು ರೌಟರಿನ ಮೇಲೆ ಇಡಬೇಡಿ, ಗಾಳಿಕಿಂಡಿ ಮುಚ್ಚಿ ರೌಟರ್ ಕಾಯುತ್ತದೆ.

ಕಲ್ಲಿನ ಗೋಡೆಗೆ ತೂತು ಹಾಕುವಾಗ ಕಲ್ಲಿನ ಅಂಚಿಗೆ ಡ್ರಿಲ್ ಇಡಬೇಡಿ. ಶಹಾಬಾದ್ ಕಲ್ಲು ಪದರಪದರವಾಗಿ ಸೀಳುತ್ತದೆ. ಎರಡು ಕಲ್ಲಿನ ನಡುವಿನ ಗಾರೆಯ ಸಂದಿನಲ್ಲಿ ಹಾಕಿ. ಬರೀ ಕೇಬಲ್‌ಗೆ 8 ಮಿ.ಮೀ. ಸಾಕು, ಪ್ಲಗ್ ಸಮೇತ ದಾಟಿಸಲು 16 ಮಿ.ಮೀ. ಬೇಕು. ತೂತು ಹೊರಬದಿಗೆ ತುಸು ಇಳಿಜಾರಾಗಿರಲಿ, ಮಳೆ ನೀರು ಒಳಗೆ ಬಾರದು. ಗೋಡೆ ದಾಟುವ ಕೇಬಲ್‌ಗೆ ಗೋಡೆಯ ಆಚೆ ಈಚೆ ಇನ್ನೆರಡು ಲೇಬಲ್ ಹಚ್ಚಿ.

ಕಟ್ಟುವಾಗ ಆಗುವ ದೊಡ್ಡ ತಪ್ಪು ಒಂದಿದೆ: ನೇತಾಡುವ ತುದಿ ಕಂಡು, ಅದು ಯಾವುದೆಂದು ನೋಡದೆ, ಖಾಲಿ ಪೋರ್ಟಿಗೆ ಚುಚ್ಚುವುದು. ಅದೇ ಕೇಬಲಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ ಮಾಹಿತಿ ಸುತ್ತು ಹೊಡೆಯುತ್ತಲೇ ಇರುತ್ತದೆ. ಎಲ್ಲ ಪೋರ್ಟಿನ ದೀಪಗಳು ಒಟ್ಟಿಗೆ ವೇಗವಾಗಿ ಮಿಣುಕುತ್ತವೆ, ಇಡೀ ಮನೆಯ ನೆಟ್ ನಿಲ್ಲುತ್ತದೆ. ಒಂದೇ ನಂಬರ್ ಒಂದೇ ಸ್ವಿಚ್ಚಿನಲ್ಲಿ ಎರಡು ಸಲ ಕಂಡರೆ ಒಂದನ್ನು ತೆಗೆಯಿರಿ.

6. ಫೈಬರ್ ವೈರಿನ ವಿಷಯ ಬೇರೆ

ಕಂಬದಿಂದ ಬರುವ ತೆಳು ವೈರಿನೊಳಗೆ ಗಾಜಿನ ಎಳೆ ಇದೆ. ಅದಕ್ಕೆ ಲೇಬಲ್ ಹಚ್ಚಿ, ಆದರೆ ಬೇರೆ ಕೇಬಲ್ ಜೊತೆ ಕಟ್ಟಬೇಡಿ, ಮೊಳೆಯ ಕ್ಲಿಪ್ ಬಡಿಯಬೇಡಿ. ಮಿಕ್ಕಿದ್ದನ್ನು 7 ಸೆಂ.ಮೀ.ಗಿಂತ ಅಗಲದ ಸುರುಳಿ ಮಾಡಿ ಗೋಡೆಯಲ್ಲಿ ಎತ್ತರಕ್ಕೆ ತೂಗುಹಾಕಿ. ಕಸ ಗುಡಿಸುವಾಗ ಎಳೆದಾಡದಂತಿರಲಿ. ಹಸಿರು ತುದಿಯನ್ನು ಹಸಿರು ತೂತಿಗೇ, ನೀಲಿಯನ್ನು ನೀಲಿಗೇ ಹಾಕಬೇಕು. ಒಳಗಿನ ಗಾಜಿನ ಕೊರೆತದ ಕೋನ ಬೇರೆ ಬೇರೆ. ಬಿಚ್ಚಿದ ತುದಿಯನ್ನು ಕಣ್ಣಿನ ಎದುರು ಹಿಡಿದು ನೋಡಬೇಡಿ, ಬರುವ ಬೆಳಕು ಕಾಣದ ಲೇಸರ್. ಸೀರೆಯ ಸೆರಗು, ಬೆರಳು ತಾಗಿಸಿ ಒರೆಸಬೇಡಿ. ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಮನೆಯೊಳಗಿನ ಲ್ಯಾನ್ ಕೇಬಲ್ ಕೀಳುವುದರಿಂದ ಅದು ಸರಿಹೋಗದು, ಕಂಪನಿಗೇ ಫೋನ್ ಮಾಡಿ.

7. ಅಡಾಪ್ಟರ್

ಕರೆಂಟ್ ಹೋಗಿ ಬರುವ ಊರಿನಲ್ಲಿ ರೌಟರಿಗೆ ಸಣ್ಣ ಯುಪಿಎಸ್ ಇಡುವವರು ಹೆಚ್ಚು. ಅಡಾಪ್ಟರ್‌ಗಳು ಅದಲುಬದಲಾಗುವುದೂ ಅಲ್ಲೇ. ಗುಂಡು ಪಿನ್ನುಗಳು ನೋಡಲು ಒಂದೇ ಥರ, ವೋಲ್ಟ್ ಬೇರೆ: 5, 9, 12, ಕೆಲವು ಪಿಒಇ ಸಾಧನಕ್ಕೆ 48. 5 ವೋಲ್ಟಿನ ಸಾಧನಕ್ಕೆ 12 ವೋಲ್ಟಿನ ಪಿನ್ ಚುಚ್ಚಿದರೆ ಸಾಧನ ಸುಡುತ್ತದೆ.

ಪಿನ್ ಹತ್ತಿರದ ಲೇಬಲ್ಲಿನಲ್ಲಿ ನಂಬರ್ ಜೊತೆ ವೋಲ್ಟ್, ಆಂಪಿಯರ್ ಎರಡೂ ಬರೆಯಿರಿ: ‘ಪ14, 12 ವೋಲ್ಟ್, 1.5 ಆಂಪಿಯರ್, ಹಾಲ್ ರೌಟರ್’. ಸಾಧನದ ಹೆಸರು ಬರೆಯಬಾರದೆಂಬ ನಿಯಮಕ್ಕೆ ಇಲ್ಲಿ ಮಾತ್ರ ವಿನಾಯಿತಿ, ಯಾಕೆಂದರೆ ಅಡಾಪ್ಟರ್ ಆ ಸಾಧನದ್ದೇ ಅಂಗ. ಬದಲಿ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಅಡಾಪ್ಟರಿನ ಮೇಲೆ ಇರುತ್ತದೆ, ಅದೂ ಹೊಂದಬೇಕು.

8. ತಾರಸಿಯ ಕೇಬಲ್

ಮನೆಯೊಳಗಿನ ಬೂದು ಕೇಬಲನ್ನು ಬಿಸಿಲಿಗೆ ಬಿಟ್ಟರೆ ಅದರ ಹೊದಿಕೆ ಬಿರಿಯುತ್ತದೆ. ಹೊರಗಿಗೆಂದೇ ಮಾಡಿದ ಕಪ್ಪು ಕೇಬಲ್ ಹಾಕಿಸಿ, ಇಲ್ಲವೇ ಪೂರ್ತಿ ಪಿವಿಸಿ ಪೈಪಿನೊಳಗೆ ಒಯ್ಯಿರಿ. ಮಂಗ, ಅಳಿಲು, ಇಲಿ ಇರುವ ಕಡೆ ಪೈಪ್ ಬೇಕೇ ಬೇಕು. ಕೇಬಲ್ ಕೊಳ್ಳುವಾಗ ಒಂದು ಎಳೆಯ ತುದಿ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪಿಒಇ ಕ್ಯಾಮೆರಾಕ್ಕೆ ಅದು ಆಗದು. ತಾಮ್ರಕ್ಕಿಂತ ಹೆಚ್ಚು ಕಾಯುತ್ತದೆ, ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ.

ಇಲ್ಲಿ ಕಾಗದದ ಲೇಬಲ್ ನಿಲ್ಲುವುದಿಲ್ಲ. ಬರೆಯಲು ಸಣ್ಣ ತಟ್ಟೆ ಇರುವ ಕಪ್ಪು ಕೇಬಲ್ ಟೈ ಸಿಗುತ್ತದೆ. ಬಿಳಿ ಟೈ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕಪ್ಪು ತಟ್ಟೆಯ ಮೇಲೆ ಬಿಳಿ ಪೇಂಟ್ ಮಾರ್ಕರಿನಿಂದ ಬರೆಯಿರಿ. ಕ್ಯಾಮೆರಾದ ಜೋಡಣೆ ಡಬ್ಬಿಯೊಳಗೇ ಇರಲಿ. ಕೇಬಲ್ ಡಬ್ಬಿ ಸೇರುವ ಮೊದಲು ಕೆಳಗಿಳಿದು ಮತ್ತೆ ಮೇಲೇರುವಂತೆ ಬಾಗಿರಲಿ, ಮಳೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತ ಅಕ್ಷರದ ಬೆಲೆ ಗೊತ್ತಾಗುವುದು ಸಿಡಿಲಿನ ಕಾಲದಲ್ಲಿ. ಮೋಡ ಕವಿಯುತ್ತಿದ್ದಂತೆ, ಗುಡುಗು ಹತ್ತಿರ ಬರುವ ಮೊದಲೇ, ತ ಇರುವ ಕೇಬಲ್‌ಗಳನ್ನು ಸ್ವಿಚ್ಚಿನಿಂದ, ಪ ಇರುವ ಅಡಾಪ್ಟರ್‌ಗಳನ್ನು ಗೋಡೆಯಿಂದ ತೆಗೆದಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಕೇಬಲ್ ಮುಟ್ಟಬೇಡಿ. ಫೈಬರ್ ವೈರಿನ ಜೊತೆ ಆಸರೆಗೆ ಉಕ್ಕಿನ ತಂತಿ ಇದ್ದರೆ ಅದು ಹೊರಗಿನ ಕೊಕ್ಕೆಯಲ್ಲೇ ಮುಗಿದಿರಬೇಕು, ಮನೆಯೊಳಗೆ ಬರಬಾರದು.

9. ಪರೀಕ್ಷಿಸಿ, ವಹಿ ಅಂಟಿಸಿ

ಎಲ್ಲ ಹಾಕಿದ ಮೇಲೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಇರಬೇಕಾದಲ್ಲಿ 100 ಇದ್ದರೆ ಆ ನಂಬರಿನ ಪ್ಲಗ್ಗುಗಳನ್ನು ಮತ್ತೆ ಪರೀಕ್ಷಿಸಿ. ಆದರೆ ಅದಕ್ಕೂ ಮೊದಲು ರೌಟರಿನ ಪೋರ್ಟೇ 100ರದ್ದೋ ಎಂದು ಅದರ ಡಬ್ಬಿಯ ಮೇಲೆ ಓದಿಕೊಳ್ಳಿ. ಮನೆಯ ಸಾಮಾನ್ಯ ಕ್ಯಾಮೆರಾಗಳಿಗೆ 100 ಧಾರಾಳ ಸಾಕು.

ವಹಿಯ ಒಂದು ಪ್ರತಿ ಕಪಾಟಿನ ಬಾಗಿಲ ಒಳಬದಿಗೆ, ಅದರ ಫೋಟೋ ಮನೆಯ ಇಬ್ಬರ ಫೋನಿನಲ್ಲಿ. ವೈ-ಫೈ ಪಾಸ್‌ವರ್ಡ್ ಅದರಲ್ಲಿ ಬರೆಯಬೇಡಿ, ರಿಪೇರಿಗೆ ಬಂದವರೆಲ್ಲ ಆ ಹಾಳೆ ನೋಡುತ್ತಾರೆ. ಬಾಡಿಗೆಯವರು ಬದಲಾದ ದಿನ ಮ ಸಾಲುಗಳನ್ನು ಒಮ್ಮೆ ಓದಿ, ಬಳಕೆಯಲ್ಲಿಲ್ಲದ ಕೇಬಲನ್ನು ಸ್ವಿಚ್ಚಿನಿಂದ ತೆಗೆದು ‘ಖಾಲಿ’ ಎಂದು ಬರೆದಿಡಿ. ಹೊಸ ಕೇಬಲ್ ಎಳೆಯಲು ಬಂದವರಿಗೆ, ಗೋಡೆಯೊಳಗೆ ತೂರಿಸುವ ಮುನ್ನ ಎರಡೂ ತುದಿಗೆ ಮುಂದಿನ ನಂಬರ್ ಹಚ್ಚಿದ ಮೇಲೆಯೇ ಕೆಲಸ ಶುರು ಮಾಡಿ ಎಂದು ಹೇಳಿ.